ಅಗಲ ಬಾಯಿಯ ಜಾಡಿ

ಮನೆಯಲ್ಲೇ ವೈನ್ ಮಾಡುವ ಸಾಮಾನು ಮಾರುವ ಅಂಗಡಿಗೆ ಗಂಡನನ್ನು ಎಳೆದುಕೊಂಡು ಹೋದವಳು ಅವಳೇ. ಮುಂದೆ ಯಾರನ್ನಾದರೂ ಬೈಯಬೇಕು ಅನ್ನಿಸಿದಾಗಲೆಲ್ಲ ಅವಳ ಕೈಗೆ ಮೊದಲು ಸಿಕ್ಕವಳೂ ಅವಳೇ.

ಆತನದು ಸೋಪಿನ ಕಾರ್ಖಾನೆಯಲ್ಲಿ ಮೂಸುವ ಕೆಲಸ. ನಗಬೇಡಿ, ಅಂಥದ್ದೂ ಒಂದು ಕೆಲಸವಿದೆ, ಅದಕ್ಕೂ ಸಂಬಳ ಕೊಡುತ್ತಾರೆ. ಸೋಪಿಗೆ ಬೆರೆಸುವ ಸುಗಂಧದ ಎಣ್ಣೆ ಡ್ರಮ್ಮುಗಳಲ್ಲಿ ಬಂದಾಗ ಒಂದು ಕಾಗದದ ಪಟ್ಟಿಯನ್ನು ಅದರಲ್ಲಿ ಅದ್ದಿ, ಮೂಗಿನ ಹತ್ತಿರ ಹಿಡಿದು, ‘ಇದು ಹೋದ ಸಲದ ಮಾಲಲ್ಲ, ವಾಪಸ್ ಕಳಿಸಿ’ ಎಂದು ಆತ ಹೇಳಿದರೆ ಡ್ರಮ್ಮು ಬಂದ ಲಾರಿಯಲ್ಲೇ ಹಿಂದಕ್ಕೆ ಹೋಗಬೇಕು. ಕಾರ್ಖಾನೆಯಲ್ಲಿ ಎಲ್ಲರೂ ಆತನನ್ನು ಮೂಗುರಾಯ ಎಂದೇ ಕರೆಯುತ್ತಿದ್ದರು. ಮನೆಯಲ್ಲೂ ಅದೇ ದರ್ಬಾರು. ಬೀದಿಯ ತಿರುವಿನಲ್ಲಿ ಇರುವಾಗಲೇ ಯಾರ ಮನೆಯ ಒಲೆಯ ಮೇಲೆ ಏನು ತಳ ಹಿಡಿದಿದೆ ಎಂದು ಹೇಳುತ್ತಿದ್ದ. ಅವರ ಜೊತೆಗೇ ಇದ್ದ ಅವಳ ಅಮ್ಮನಂತೂ, ‘ಅಳಿಯಂದಿರ ಮೂಗಿಗೆ ಹೆದರಿ ಈ ಮನೇಲಿ ಒಂದು ಗುಟ್ಟು ಇಟ್ಕೊಳ್ಳೋ ಹಾಗಿಲ್ಲ’ ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು.

ಚಳಿಗಾಲದ ಕೊನೆಯಲ್ಲಿ ಆತನಿಗೆ ಒಂದು ಜ್ವರ ಬಂತು. ಜ್ವರವೇನೋ ಹೋಯಿತು, ಹೋಗುವಾಗ ವಾಸನೆಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ಮೂಗು ಮುಖದ ಮೇಲೆ ಮೊದಲಿನ ಹಾಗೇ ಇತ್ತು, ಉಸಿರೂ ಆಡುತ್ತಿತ್ತು. ಒಳಗೆ ಮಾತ್ರ ಏನೂ ಮುಟ್ಟುತ್ತಿರಲಿಲ್ಲ. ‘ಬರಬಹುದು, ಬರದೆಯೂ ಇರಬಹುದು’ ಎಂದರು ಡಾಕ್ಟರು. ದಿನಾ ಯಾವುದಾದರೂ ವಾಸನೆ ಹಿಡಿದು ಅಭ್ಯಾಸ ಮಾಡಿ, ಮಗುವಿಗೆ ಮಾತು ಕಲಿಸಿದ ಹಾಗೆ, ಎಂದೂ ಹೇಳಿದರು.

ಕಾರ್ಖಾನೆಯ ಮೂಸುವ ಕೋಣೆಯ ಮುಖ್ಯಸ್ಥರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಾರೆ. ಆತನಿಗೆ ಈ ವಿದ್ಯೆ ಕಲಿಸಿದವರು ಅವರೇ. ಅವರು ಮನೆಗೆ ಬಂದು, ಆತನ ಹೆಗಲ ಮೇಲೆ ಕೈಯಿಟ್ಟು ಹೇಳಿ ಹೋಗಿದ್ದರು: “ಮುಂದಿನ ಹೊಸ ಸೋಪಿನ ಕೆಲಸ ಶುರುವಾಗೋವರೆಗೂ ನಿನ್ನ ಸ್ಟೂಲಿನ ಮೇಲೆ ಯಾರನ್ನೂ ಕೂರಿಸಲ್ಲ ಕಣೋ. ಆಮೇಲೆ ನನ್ನ ಕೈಲೂ ಇರಲ್ಲ.”

ಆತ ಕಾಫಿಪುಡಿ, ಲವಂಗ, ನಿಂಬೆ ಸಿಪ್ಪೆಗಳನ್ನು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿಟ್ಟುಕೊಂಡು ಅಭ್ಯಾಸ ಮಾಡಿದ. ಕಲ್ಲಿನ ಮೇಲೆ ನೀರು ಸುರಿದ ಹಾಗಾಯಿತು. ಒಂದು ದಿನ ಎಲ್ಲವನ್ನೂ ಬಾಚಿ ಕಸದ ಬುಟ್ಟಿಗೆ ಹಾಕಿ ಗೋಡೆಯ ಕಡೆ ಮುಖ ಮಾಡಿ ಕೂತುಬಿಟ್ಟ. ಊಟಕ್ಕೆ ಕರೆದರೆ ಬರುತ್ತಿದ್ದ, ತಟ್ಟೆ ಖಾಲಿ ಮಾಡಿ ಏಳುತ್ತಿದ್ದ. ಏನು ತಿಂದಿರಿ ಎಂದು ಕೇಳಿದರೆ ತಟ್ಟೆಯನ್ನು ತಿರುಗಿ ನೋಡಿ ಹೇಳಬೇಕಾಗಿತ್ತು.

ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿನ ಹತ್ತಿರ ಕೂತು ರೋಗಿಗಳ ಹೆಸರು ಬರೆದುಕೊಳ್ಳುವವಳು. ಅಲ್ಲಿ ಯಾರೋ ಹಲ್ಲುನೋವಿನ ಹೆಂಗಸು ಮನೆಯಲ್ಲಿ ವೈನ್ ಮಾಡುವ ಸುದ್ದಿ ತೆಗೆದಿದ್ದಳು. ದ್ರಾಕ್ಷಿ ರಸ ದಿನ ದಿನಕ್ಕೂ ಬದಲಾಗುತ್ತೆ, ಇವತ್ತಿನ ವಾಸನೆ ನಾಳೆ ಇರಲ್ಲ ಎಂದಿದ್ದಳು. ಕಾಫಿಪುಡಿ ಸತ್ತ ವಸ್ತು, ಇದು ಜೀವ ಇರುವುದು, ಇದಕ್ಕಾದರೂ ಗಂಡನ ಮೂಗು ತಿರುಗಬಹುದೇನೋ ಎಂದು ಅವಳ ಲೆಕ್ಕಾಚಾರ. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ.

ಅಂಗಡಿಯಾಕೆ ಕನ್ನಡಕವನ್ನು ಸರಪಳಿಯಲ್ಲಿ ಕೊರಳಿಗೆ ನೇತುಹಾಕಿಕೊಂಡಿದ್ದ ನಿಧಾನಸ್ಥೆ. “ಮೊದಲನೇ ಸಲಾನಾ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಒಂದು ರಟ್ಟಿನ ಪೆಟ್ಟಿಗೆ ಎಳೆದಳು. ಒಳಗೆ ಸಣ್ಣ ಕತ್ತಿನ ಗಾಜಿನ ಬುಡ್ಡಿ, ಡಬ್ಬಿಯಲ್ಲಿ ಗಟ್ಟಿ ದ್ರಾಕ್ಷಿ ರಸ, ಯೀಸ್ಟಿನ ಪೊಟ್ಟಣ, ರಬ್ಬರ್ ಬಿರಡೆ, ಬಿರಡೆಗೆ ಸಿಕ್ಕಿಸುವ ಸೊಟ್ಟ ಕೊಳವೆ.

“ಈ ಕೊಳವೇಲಿ ನೀರು ಹಾಕಿಡಬೇಕು. ಒಳಗಿನ ಗಾಳಿ ಗುಳುಗುಳು ಅಂತ ಆಚೆ ಹೋಗುತ್ತೆ, ಆಚೆಯದು ಒಳಗೆ ಬರಲ್ಲ. ಇದು ತೇಲೋ ಗಾಜಿನ ಕಡ್ಡಿ. ರಸದಲ್ಲಿ ಬಿಟ್ಟರೆ ಎಷ್ಟು ಸಿಹಿ ಉಳಿದಿದೆ ಅಂತ ಅದೇ ಹೇಳುತ್ತೆ. ನೀವು ಮಾಡಬೇಕಾದ್ದು ಏನೂ ಇಲ್ಲ. ಮುಚ್ಚಿಟ್ಟು ಮರೆತುಬಿಡೋದು. ಹೊಸಬರು ಕೆಡಿಸೋದೇ ಮತ್ತೆ ಮತ್ತೆ ತೆಗೆದು ನೋಡಿ.”

ಆತ ಗಾಜಿನ ಕಡ್ಡಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಕೆಳಗಿಟ್ಟ. ತಿಂಗಳುಗಟ್ಟಲೆ ಬಗ್ಗಿದ್ದ ಬೆನ್ನು ನೆಟ್ಟಗಾಯಿತು.

“ಮೂಗಿನ ಕೆಲಸ ಮಾಡೋನಿಗೆ ಕಡ್ಡಿ ಯಾಕಮ್ಮ? ಅದೇನು ಮೇಲಿಟ್ಟಿದ್ದೀರಿ?”

ಮೇಲಿನ ಹಲಗೆಯ ಮೇಲಿದ್ದದ್ದು ಹಳೇ ಮಾದರಿಯ ಜಾಡಿ. ಮುಖ ಇಟ್ಟರೆ ಕಿವಿಯವರೆಗೂ ಹಿಡಿಸುವಷ್ಟು ಅಗಲದ ಬಾಯಿ, ಮರದ ಮುಚ್ಚಳ. ಹಣ್ಣನ್ನು ತಾವೇ ತಂದು ಕಿವುಚಿ ಹಾಕಬೇಕು, ಕೊಳವೆಯೂ ಇಲ್ಲ ಕಡ್ಡಿಯೂ ಇಲ್ಲ.

“ಅದು ಕೈ ಪಳಗಿದೋರಿಗೆ. ಗಾಳಿ ಸೇರಿಬಿಟ್ಟರೆ ಹುಳಿಯಾಗಿ ಹಾಳಾಗುತ್ತೆ. ನನ್ನ ಮಾತು ಕೇಳಿ,” ಎಂದು ಅಂಗಡಿಯಾಕೆ ಹೆಂಡತಿಯ ಕಡೆ ನೋಡಿದಳು. ಹೆಂಗಸರು ಹೆಂಗಸರ ಕಡೆ ನೋಡುವ ಆ ನೋಟ: ನೀನಾದರೂ ಹೇಳಮ್ಮ ಎಂದು.

ಅವಳಿಗೆ ಅರ್ಥವಾಗಲಿಲ್ಲ ಎಂದಲ್ಲ. ಸಣ್ಣ ಬುಡ್ಡಿಯೇ ಸರಿ ಎಂದು ಮನಸ್ಸು ಹೇಳುತ್ತಿತ್ತು. ಆದರೆ ಗಂಡ ಜಾಡಿಯ ಹೊಟ್ಟೆಯನ್ನು ಸವರುತ್ತಿದ್ದ, ಕಣ್ಣಲ್ಲಿ ಹಳೆಯ ಜಂಬ ಇಣುಕಿತ್ತು. ಆ ಜಂಬವನ್ನು ನೋಡಿ ಎಷ್ಟು ಕಾಲವಾಗಿತ್ತು. ಆ ಗಳಿಗೆಯಲ್ಲಿ ಆತ ಒಂಟೆ ಕೇಳಿದ್ದರೂ ಕೊಡಿಸುತ್ತಿದ್ದಳು.

“ಅದೇ ಇರಲಿ ಬಿಡಿ,” ಎಂದಳು.

ಕಪ್ಪು ದ್ರಾಕ್ಷಿ ಬಂತು. ಅಮ್ಮ ಗೊಣಗಿಕೊಂಡೇ ತೊಟ್ಟು ಬಿಡಿಸಿದಳು. ಆತ ತೋಳು ಮಡಿಸಿ ಕಿವುಚಿದ, ಸಕ್ಕರೆ ಬೆರೆಸಿ ಯೀಸ್ಟು ಉದುರಿಸಿದ. ಜಾಡಿಗೆ ಊಟದ ಮನೆಯ ಮೂಲೆಯಲ್ಲಿ, ಬಿಸಿಲು ತಾಗದ ಕಡೆ, ಒಂದು ಮಣೆ ಹಾಕಿ ಸ್ಥಾನ ಕೊಟ್ಟದ್ದಾಯಿತು. “ಮದುವೆ ಮಂಟಪದಲ್ಲಿ ನನ್ನ ಮಗಳನ್ನೂ ಇಷ್ಟು ಜೋಪಾನವಾಗಿ ಕೂರಿಸಲಿಲ್ಲ,” ಎಂದಳು ಅಮ್ಮ. ಆತ ನಕ್ಕ. ಮನೆಯಲ್ಲಿ ಆತನ ನಗು ಕೇಳಿಸಿತು ಎಂದು ಹೆಂಡತಿ ಒಳಗೆ ಹೋಗಿ ಕಣ್ಣೊರೆಸಿಕೊಂಡಳು.

ಮೂಸುವವರಿಗೆ ಅವರದೇ ಕಟ್ಟುಪಾಡು. ಬೆಳಿಗ್ಗೆ ಹಲ್ಲುಜ್ಜುವ ಮೊದಲು, ಹೊಟ್ಟೆಗೆ ಒಂದು ತೊಟ್ಟೂ ಹೋಗುವ ಮೊದಲು ಮೂಸಬೇಕು. ಮೂಸುವ ವಸ್ತುವನ್ನು ನಾಲಿಗೆಗೆ ಮುಟ್ಟಿಸಬಾರದು, ನಾಲಿಗೆ ಮೂಗಿಗೆ ಚಾಡಿ ಹೇಳುತ್ತದೆ. ಎಲ್ಲಕ್ಕಿಂತ ದೊಡ್ಡ ಮಾತು ಮೇಷ್ಟ್ರು ಮೊದಲ ದಿನವೇ ಕಲಿಸಿದ್ದು: ಮುಚ್ಚಿಟ್ಟ ವಾಸನೆ ಸುಳ್ಳು ಹೇಳುತ್ತೆ, ಅದಕ್ಕೆ ಸ್ವಲ್ಪ ಹೊತ್ತು ಗಾಳಿ ಕುಡಿಸಿ ಆಮೇಲೆ ಮೂಗು ಹತ್ತಿರ ತಗೊಂಡು ಹೋಗು. ಸೋಪಿನ ಎಣ್ಣೆಗೆ ಅದು ಸರಿಯೇ ಇರಬೇಕು. ಆತ ದ್ರಾಕ್ಷಿಗೂ ಅದೇ ನ್ಯಾಯ ಹಚ್ಚಿದ. ದಿನಾ ಬೆಳಿಗ್ಗೆ ಮರದ ಮುಚ್ಚಳ ತೆಗೆದು ಪಕ್ಕಕ್ಕಿಡುವುದು, ಗಾಳಿ ಕುಡಿಸುವುದು, ಆಮೇಲೆ ಕಣ್ಣು ಮುಚ್ಚಿ ಜಾಡಿಯೊಳಗೆ ಮುಖ ಇಳಿಸುವುದು.

“ಅಂಗಡಿಯಾಕೆ ಮತ್ತೆ ಮತ್ತೆ ತೆಗೀಬೇಡಿ ಅಂದಿದ್ದಳಲ್ಲರೀ,” ಎಂದು ಅವಳು ಒಮ್ಮೆ ಹೇಳಿ ನೋಡಿದಳು.

“ಅವಳು ಅಂಗಡಿಯೋಳು ಕಣೇ,” ಎಂದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅಲ್ಲಿಗೆ ಆ ಮಾತು ಮುಗಿಯಿತು.

ಜಾಡಿ ನೊರೆಗಟ್ಟಿ ಸಿಡಿಯತೊಡಗಿದ ಒಂದು ಬೆಳಿಗ್ಗೆ ಊಟದ ಮನೆಯಿಂದ ಆತ ಕೂಗಿದ ಕೂಗಿಗೆ ಅವಳು ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಯಾರಾದರೂ ಬಿದ್ದರೇನೋ ಅಂದುಕೊಂಡಿದ್ದಳು. ಆತ ಮಣೆಯ ಪಕ್ಕ ನೆಲದ ಮೇಲೆ ಕೂತಿದ್ದ, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

“ತಗುಲಿತು ಕಣೇ! ಚುರ್ ಅಂತು. ಇಲ್ಲಿ, ಮೂಗಿನ ಮೇಲಕ್ಕೆ, ಇಲ್ಲಿವರೆಗೂ! ಏನೋ ಬಂತು!”

ಇಬ್ಬರೂ ತಬ್ಬಿಕೊಂಡು ಅತ್ತರು. ಅಮ್ಮ ಬಾಗಿಲಲ್ಲಿ ನಿಂತು, “ಇದೇನು, ಇನ್ನೂ ಕುಡಿದೇ ಇಲ್ಲ, ಆಗಲೇ ಶುರುವಾಯ್ತಾ?” ಎಂದಳು. ಹಾಗೆಂದವಳೇ ಸೆರಗಿನಲ್ಲಿ ಮೂಗೊರೆಸಿಕೊಂಡಳು. ಮನೆಯ ತುಂಬಾ ಹಣ್ಣಾದ ದ್ರಾಕ್ಷಿಯ, ಉಬ್ಬಿದ ಹಿಟ್ಟಿನ ಪರಿಮಳ ಹರಡಿತ್ತು. ಹೆಂಡತಿ ನಂಬಿದಳು. ಬಾಯಲ್ಲಿ ಹೇಳದಿದ್ದರೂ ಅಂದು ಕ್ಲಿನಿಕ್ಕಿನಲ್ಲಿ ಬಂದವರೆಲ್ಲರ ಜೊತೆ ನಗುನಗುತ್ತಾ ಮಾತಾಡಿದಳು, ಹಲ್ಲು ಕೀಳಿಸಿಕೊಂಡು ಬಂದವರ ಜೊತೆಯೂ.

ಆಮೇಲೆ ಆತನನ್ನು ಹಿಡಿಯುವವರೇ ಇರಲಿಲ್ಲ. ಬೆಳಿಗ್ಗೆ ಒಂದು ಸಲ ಇದ್ದದ್ದು ಸಂಜೆಯೂ ಆಯಿತು. ಸಂಜೆ ಆದದ್ದು ಹೊತ್ತುಹೊತ್ತಿಗೂ ಆಯಿತು. ಮುಚ್ಚಳ ಜಾಡಿಯ ಮೇಲೆ ಇರುವುದಕ್ಕಿಂತ ನೆಲದ ಮೇಲೆ ಇರುವುದೇ ಹೆಚ್ಚಾಯಿತು. ನೊರೆ ಇಳಿದು ರಸ ತಿಳಿಯಾಯಿತು. ಸಣ್ಣ ನೊಣಗಳು ಸುತ್ತ ಹಾರತೊಡಗಿದವು, ಆತ ಒಂದು ತೆಳು ಬಟ್ಟೆ ಹೊದಿಸಿದ, ನೊಣಗಳು ಬಟ್ಟೆಯನ್ನೂ ಲೆಕ್ಕಕ್ಕಿಡಲಿಲ್ಲ.

ಒಂದು ಸಂಜೆ ಅವಳು ಕೆಲಸ ಮುಗಿಸಿ ಬಂದು ಬಾಗಿಲು ತೆಗೆದಳು. ಒಳಗಿನಿಂದ ಬಂದ ವಾಸನೆಗೆ ಹೊಸಿಲಲ್ಲೇ ನಿಂತಳು. ವಿನಿಗರ್. ಅನುಮಾನಕ್ಕೆ ಎಡೆಯೇ ಇಲ್ಲದಂಥ, ಕಣ್ಣಿಗೆ ಹತ್ತುವ ಹುಳಿ ನಾತ. ಊಟದ ಮನೆಯಲ್ಲಿ ಗಂಡ ಜಾಡಿಯಿಂದ ಮುಖ ಎತ್ತಿದ. ಮುಖ ಹೊಳೆಯುತ್ತಿತ್ತು.

“ಬಂದೆಯಾ? ಇವತ್ತಂತೂ ಇನ್ನೂ ಜೋರಾಗಿದೆ ಕಣೇ! ದ್ರಾಕ್ಷಿ ಹಣ್ಣಾಗ್ತಾ ಹಣ್ಣಾಗ್ತಾ ಬರೋ ಘಮ ಇದೆಯಲ್ಲ, ಅದು. ನಿನಗೆ ಬರ್ತಿದೆಯಾ?”

“ಬರ್ತಿದೆ,” ಎಂದಳು.

ಬಾಯಿಂದ ಬಂದುಬಿಟ್ಟಿತ್ತು. ಚೀಲ ಇಟ್ಟು, ಕೈಕಾಲು ತೊಳೆಯುವ ನೆಪದಲ್ಲಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಮ್ಮ ಹಿಂದೆಯೇ ಬಂದು ಬಾಗಿಲು ತಟ್ಟಿದಳು.

“ಏನೇ ಇದು ನಾತ? ಮಧ್ಯಾಹ್ನದಿಂದ ಕಿಟಕಿ ತೆಗೆದಿಟ್ಟು ಸಾಕಾಯ್ತು. ಅವರಿಗೆ ಹೇಳೋಣ ಅಂದರೆ ಅವರು ಘಮ ಘಮ ಅಂತ ಕುಣೀತಿದ್ದಾರೆ.”

“ಅಮ್ಮ, ನಿನ್ನ ಕಾಲಿಗೆ ಬೀಳ್ತೀನಿ, ಸುಮ್ಮನಿರು. ನಾನೇ ಹೇಳ್ತೀನಿ.”

“ಯಾವಾಗ?”

ಅವಳು ನಲ್ಲಿ ತಿರುಗಿಸಿದಳು.

ಮರುದಿನ ಕ್ಲಿನಿಕ್ಕಿನಲ್ಲಿ ರೋಗಿಗಳಿಲ್ಲದ ಹೊತ್ತು ನೋಡಿ, ಯಾರದೋ ಕತೆಯೆಂಬಂತೆ ಡಾಕ್ಟರನ್ನು ಕೇಳಿದಳು. ಅವರು ಕೈಗವಸು ಬಿಚ್ಚುತ್ತಾ ಹೇಳಿದರು: “ಉರಿ ಬೇರೆ, ವಾಸನೆ ಬೇರೆ. ಸೋಡಾದ ಗುಳ್ಳೆ, ಅಮೋನಿಯಾ, ವಿನಿಗರ್, ಇವೆಲ್ಲ ವಾಸನೆ ಪೂರ್ತಿ ಹೋದೋರಿಗೂ ಚುರ್ ಅನ್ನುತ್ತೆ. ಅದು ನೋವಿನ ನರ. ಚುರ್ ಅಂದ ಮಾತ್ರಕ್ಕೆ ಮೂಗು ವಾಪಸ್ ಬಂತು ಅಂತಲ್ಲ.”

ಅವಳು ಆದರೂ ಬಿಡಲಿಲ್ಲ. ಮನುಷ್ಯನ ಆಸೆ ಅಷ್ಟು ಸುಲಭವಾಗಿ ಮಾತು ಕೇಳುತ್ತದೆಯೇ? ಆ ಸಂಜೆ ಬೇಕೆಂದೇ ಹಾಲನ್ನು ಒಲೆಯ ಮೇಲಿಟ್ಟು ಉರಿ ದೊಡ್ಡದು ಮಾಡಿ ಬಿಟ್ಟಳು. ಒಲೆಯಿಂದ ನಾಲ್ಕು ಹೆಜ್ಜೆ ಆಚೆ, ಬೆನ್ನು ಹಾಕಿ ಕೂತು ಆತ ಪೇಪರು ಓದುತ್ತಿದ್ದ. ಹಾಲು ಉಕ್ಕಿತು, ಸೀಯಿತು, ಪಾತ್ರೆಯ ತಳ ಕರಕಲಾಯಿತು. ಹಿಂದೆ ಮೂರು ಮನೆ ಆಚೆಯ ಸೀದ ಹಾಲಿಗೆ ಹುಬ್ಬು ಗಂಟಿಕ್ಕುತ್ತಿದ್ದ ಮನುಷ್ಯ ಪುಟ ತಿರುಗಿಸಿ, ಕ್ರಿಕೆಟ್ಟಿನ ಸುದ್ದಿಗೆ ತಲೆದೂಗುತ್ತಾ ಕೂತಿದ್ದ. ಅವಳು ಪಾತ್ರೆಯನ್ನು ಹಿತ್ತಿಲಿಗೆ ತೆಗೆದುಕೊಂಡು ಹೋಗಿ ಉಜ್ಜಿದಳು. ಕರಕಲು ಬಿಟ್ಟ ಮೇಲೂ ಉಜ್ಜುತ್ತಲೇ ಇದ್ದಳು. ಅಳು ಬರಲಿಲ್ಲ. ಅಳುವುದಕ್ಕೂ ಒಂದು ಚೂರು ಭರವಸೆ ಬೇಕು, ಅದು ಅವಳಲ್ಲಿ ಉಳಿದಿರಲಿಲ್ಲ.

ಹೇಳಬೇಕೆಂದುಕೊಂಡೇ ಒಳಗೆ ಬಂದಳು. ಅಷ್ಟರಲ್ಲಿ ಆತ ಫೋನು ಕೆಳಗಿಡುತ್ತಿದ್ದ.

“ಮೇಷ್ಟ್ರಿಗೆ ಹೇಳಿಬಿಟ್ಟೆ ಕಣೇ. ಬಂದಿದೆ ಅಂತ. ಆ ಕಡೆಯಿಂದ ಮಾತೇ ಹೊರಡಲಿಲ್ಲ ಅವರಿಗೆ, ಅಷ್ಟು ಖುಷಿ. ಭಾನುವಾರ ಊಟಕ್ಕೆ ಬರ್ತಾರೆ. ಮೊದಲನೇ ಗುಟುಕು ಗುರುಗಳದ್ದು, ಅವರು ಮುಟ್ಟೋವರೆಗೂ ನಾನು ನಾಲಿಗೆಗೆ ಹಚ್ಚಲ್ಲ. ಸೋಮವಾರದಿಂದ ಕೆಲಸಕ್ಕೆ ಬರ್ತೀನಿ ಅಂದಿದ್ದೀನಿ.”

ಬಿಸಿ ತುಪ್ಪ ಬಾಯಲ್ಲಿದ್ದ ಹಾಗಾಯಿತು ಅವಳಿಗೆ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. “ಒಳ್ಳೇದಾಯ್ತು,” ಎಂದಳು.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬುದೇ ಆ ವಾರವೆಲ್ಲ ಮನೆಯಲ್ಲಿ ನಡೆದ ಕತೆ. ಅಮ್ಮ ಮಗಳನ್ನು ನೋಡುವಳು, ಮಗಳು ನೆಲ ನೋಡುವಳು. ಆತ ಕೆಲಸದ ಅಂಗಿಗಳನ್ನು ತಾನೇ ಇಸ್ತ್ರಿ ಮಾಡಿಕೊಂಡ. ಗುನುಗುತ್ತಾ ಕ್ಷೌರ ಮಾಡಿಕೊಂಡ. ಹೆಂಡತಿಯ ಹಿಂದೆ ಬಂದು ನಿಂತು, “ನೀನು ಆ ಅಂಗಡಿಗೆ ಎಳ್ಕೊಂಡು ಹೋಗದೆ ಇದ್ದಿದ್ದರೆ ನಾನು ಗೋಡೆ ನೋಡ್ಕೊಂಡೇ ಸತ್ತುಹೋಗ್ತಿದ್ದೆ,” ಎಂದ. ಇಂಥ ಮಾತು ಕೇಳಿದ ಮೇಲೆ ಯಾವ ಹೆಂಡತಿಯ ಬಾಯಿ ತೆರೆಯುತ್ತದೆ?

ಶನಿವಾರ ಅವಳು ಮನೆಗೆ ಬರುವ ದಾರಿಯಲ್ಲಿ ಒಂದು ಒಳ್ಳೆಯ ಕೆಂಪು ವೈನಿನ ಬಾಟಲಿ ಕೊಂಡಳು. ಸೆರಗಿನ ಮರೆಯಲ್ಲಿ ತಂದು ಬಟ್ಟೆಯ ಬೀರುವಿನಲ್ಲಿ, ಸೀರೆಗಳ ಹಿಂದೆ ಇಟ್ಟಳು. ಮೇಷ್ಟ್ರು ಬರುವ ಮೊದಲು ಜಾಡಿಯಿಂದ ಹೂಜಿಗೆ ಬಗ್ಗಿಸಿದ್ದನ್ನು ಚೆಲ್ಲಿ, ಇದನ್ನು ತುಂಬಿಟ್ಟರೆ ಮುಗಿಯಿತು. ಆತ ಸಂತೋಷದಲ್ಲಿ ಕುಡಿಯುತ್ತಾನೆ, ಮೇಷ್ಟ್ರೂ ಭೇಷ್ ಎನ್ನುತ್ತಾರೆ, ಸೋಮವಾರ ಬರುತ್ತದೆ.

ಸೋಮವಾರ ಬರುತ್ತದೆ ಎಂಬಲ್ಲಿಗೆ ಅವಳ ಯೋಚನೆ ನಿಂತಿತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಆತ ಸ್ಟೂಲಿನ ಮೇಲೆ ಕೂರುತ್ತಾನೆ. ಕಾಗದದ ಪಟ್ಟಿ ಕೈಗೆ ಬರುತ್ತದೆ. ಸುತ್ತ ಕಿರಿಯರೆಲ್ಲ ಮೂಗುರಾಯ ಏನು ಹೇಳುತ್ತಾನೆ ಎಂದು ಕಾಯುತ್ತಾರೆ. ಪಟ್ಟಿ ಮೂಗಿನ ಹತ್ತಿರ ಹೋಗುತ್ತದೆ, ಅಲ್ಲಿ ಚುರ್ ಅನ್ನುವುದೂ ಇರುವುದಿಲ್ಲ. ಅವಳು ಬೀರುವಿನ ಬಾಗಿಲು ಹಿಡಿದು ಅದನ್ನೆಲ್ಲ ಎದುರಿಗೆ ನಡೆದಂತೆ ನೋಡಿದಳು. ನಾಲ್ಕು ಗೋಡೆಯೊಳಗೆ ಬೀಳುವವನನ್ನು ತಾನೇ ಹತ್ತು ಜನರ ನಡುವೆ ಕೆಡವಿದ ಹಾಗೆ. ಬಾಟಲಿಯನ್ನು ಹೊರಗೆ ತೆಗೆಯಲಿಲ್ಲ. ತಾನು ಹೇಳಲಾರೆ, ಅಮ್ಮ ಹೇಳಬಾರದು; ಹೇಳಬೇಕಾದವರು ಮೇಷ್ಟ್ರು, ಕಲಿಸಿದವರಿಗೆ ಆ ಹಕ್ಕಿದೆ, ಅವರು ಒಂದೇ ಮಾತಲ್ಲಿ ಹೇಳಿಬಿಡುತ್ತಾರೆ. ಹೀಗೆಂದು ತೀರ್ಮಾನಿಸಿದಳು. ಅದು ಹೇಡಿತನ ಎಂದು ಅವಳಿಗೇ ಗೊತ್ತಿತ್ತು, ಗೊತ್ತಿದ್ದೂ ಅದಕ್ಕೇ ಜೋತುಬಿದ್ದಳು.

ಭಾನುವಾರ ಮೇಷ್ಟ್ರು ಬಂದರು. ಬಿಳೀ ತಲೆ, ಒಗೆದ ಬಟ್ಟೆ, ಮುಖದ ತುಂಬಾ ನಗು. “ಎಲ್ಲಿ ನಮ್ಮ ಮೂಗುರಾಯ?” ಎನ್ನುತ್ತಲೇ ಅಂಗಿಯ ಜೇಬಿನಿಂದ ಒಂದು ಪುಟ್ಟ ಗಾಜಿನ ಶೀಷೆ ತೆಗೆದರು. ಹೊಸ ಸೋಪಿನ ಸುಗಂಧ, ಶಿಷ್ಯನ ಅಭಿಪ್ರಾಯ ಕೇಳಲು ತಂದದ್ದು. ಬಾಗಿಲು ತೆಗೆದವಳು ಅವಳೇ. ಹೊಸಿಲು ದಾಟಿ ಒಂದು ಹೆಜ್ಜೆ ಒಳಗಿಟ್ಟ ಮೇಷ್ಟ್ರು ಅಲ್ಲೇ ನಿಂತರು. ಅವರ ಮೂಗಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿದು, ಆಮೇಲೆ ಇಳಿಯಿತು. ಅವಳ ಕಡೆ ನೋಡಿದರು. ಅವಳು ಕೈ ಜೋಡಿಸಿದಳು, ಯಾಕೆಂದು ಅವಳಿಗೂ ಗೊತ್ತಿಲ್ಲ. ಹೇಳಿ ಎಂದು ಇದ್ದಿರಬಹುದು, ಹೇಳಬೇಡಿ ಎಂದೂ ಇದ್ದಿರಬಹುದು. ಮೇಷ್ಟ್ರು ಶೀಷೆಯನ್ನು ಮತ್ತೆ ಜೇಬಿಗೆ ಹಾಕಿಕೊಂಡರು.

ಊಟದ ಮೇಜಿನ ಮೇಲೆ ನಾಲ್ಕು ಗಾಜಿನ ಲೋಟ, ಮಧ್ಯೆ ಹೂಜಿ. ಆತ ನಿಂತುಕೊಂಡೇ ಬಗ್ಗಿಸಿದ. ಬಣ್ಣಕ್ಕೇನೂ ಕೊರತೆ ಇರಲಿಲ್ಲ, ಚೆಂದದ ಕಡು ಕೆಂಪು. ಅತ್ತೆಗೂ ಅರ್ಧ ಲೋಟ ಹಾಕಿದ. ತನ್ನ ಲೋಟವನ್ನು ಮೂಗಿನ ಕೆಳಗೆ ಹಿಡಿದು ಕಣ್ಣು ಮುಚ್ಚಿದ.

“ಮೊದಲು ಹಣ್ಣು ಬರುತ್ತೆ ಮೇಷ್ಟ್ರೇ. ಬಿಸಿಲಲ್ಲಿ ಸ್ವಲ್ಪ ಬಾಡಿದ ದ್ರಾಕ್ಷಿ. ಅದರ ಹಿಂದೆ, ನೋಡಿ, ಒದ್ದೆ ಮರದ ತೊಗಟೆ ಥರ ಒಂದು. ಕೊನೇಲಿ ತೆಳ್ಳಗೆ, ತುಂಬ ತೆಳ್ಳಗೆ, ಗುಲಾಬಿ. ಇದೆಯಲ್ವಾ ಗುಲಾಬಿ?”

ಎಷ್ಟು ಚೆನ್ನಾಗಿ ಹೇಳಿದ. ಒಂದೊಂದೂ ನೆನಪಿನ ಮೂಟೆಯಿಂದ ತೆಗೆದದ್ದು, ಒಂದೂ ಲೋಟದಲ್ಲಿ ಇರಲಿಲ್ಲ. ಅಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡು ಕೆಮ್ಮಿದಳು. ಮಗಳು ಮೇಷ್ಟ್ರ ಮುಖವನ್ನೇ ನೋಡುತ್ತಿದ್ದಳು. ಈಗ ಹೇಳುತ್ತಾರೆ, ಈಗ.

ಮೇಷ್ಟ್ರು ಲೋಟ ಎತ್ತಿ ಒಂದು ಗುಟುಕು ಕುಡಿದರು. ಕುತ್ತಿಗೆಯ ನರ ಬಿಗಿಯಿತು. ನುಂಗಿದರು.

“ಇದೆ,” ಎಂದರು. “ಗುಲಾಬಿ ಇದೆ. ಚೆನ್ನಾಗಿ ಬಂದಿದೆ ಕಣಪ್ಪ.”

ಅವಳಿಗೆ ಕೂತ ಕುರ್ಚಿ ಕುಸಿದ ಹಾಗಾಯಿತು. ನಂಬಿದ್ದ ಕೊನೆಯ ಮನುಷ್ಯನೂ ತನ್ನಷ್ಟೇ ಮೆತ್ತನೆಯವನು.

“ಕೇಳಿದೆಯೇನೇ?” ಎಂದು ಆತ ಹೆಂಡತಿಯ ಕಡೆ ತಿರುಗಿ, ತನ್ನ ಲೋಟವನ್ನು ಎತ್ತಿ, ದೊಡ್ಡದೊಂದು ಗುಟುಕು ಬಾಯಿಗೆ ಸುರಿದುಕೊಂಡ.

ಮೂಗು ಸತ್ತಿದ್ದರೂ ನಾಲಿಗೆಗೆ ಹುಳಿ ಗೊತ್ತಾಗುತ್ತದೆ.

ಬಾಯಿ ತುಂಬಿದ್ದ ಹಾಗೇ ಆತ ಅಲುಗಾಡದೆ ನಿಂತ. ಕಣ್ಣು ಮೊದಲು ಲೋಟ ನೋಡಿತು. ಆಮೇಲೆ ಮೇಷ್ಟ್ರನ್ನು. ಮೇಷ್ಟ್ರು ಮೇಜಿನ ಬಟ್ಟೆಯ ಅಂಚನ್ನು ಬೆರಳಲ್ಲಿ ಮಡಿಸುತ್ತಿದ್ದರು. ಅತ್ತೆಯನ್ನು ನೋಡಿದ. ನಾಲಿಗೆಗೆ ಮೂಳೆಯಿಲ್ಲದ ಆ ಹೆಂಗಸು ತನ್ನ ಅರ್ಧ ಲೋಟ ಖಾಲಿ ಮಾಡಿ, ಬಾಯಿ ಒರೆಸಿಕೊಂಡು, ಎಲ್ಲೋ ನೋಡುತ್ತಿದ್ದಳು. ಕೊನೆಗೆ ಹೆಂಡತಿಯನ್ನು ನೋಡಿದ. ಅವಳು ಮುಖ ತಿರುಗಿಸಲಿಲ್ಲ, ಅಷ್ಟನ್ನಾದರೂ ಮಾಡಿದಳು.

ಆತ ನುಂಗಿದ.

“ಯಾವಾಗಿಂದ?” ಎಂದು ಅವಳನ್ನು ಕೇಳಿದ. ದನಿ ಏರಿರಲಿಲ್ಲ.

“ಹೋದ ವಾರದಿಂದ.”

“ಮನೆಯೆಲ್ಲಾ ಬರ್ತಿದೆಯಾ?”

“ಹೂಂ.”

“ಬೀದಿಗೂ?”

ಅಮ್ಮ, “ಬಿಡಿ ಅಳಿಯಂದಿರೇ, ಬೀದಿಯೋರಿಗೇನು, ಅವರ ಮನೇದು ಅವರಿಗೆ,” ಎಂದು ಏನೋ ಹೇಳಹೋಗಿ, ಮುಗಿಸಲಾರದೆ ಎದ್ದು ಒಳಗೆ ಹೋದಳು.

“ಆ ಚುರ್ ಅಂದಿದ್ದು?”

“ಅದು ಉರಿಯಂತೆ ರೀ. ವಾಸನೆ ಅಲ್ಲವಂತೆ. ಡಾಕ್ಟರು ಹೇಳಿದರು.”

ಆತ ತಲೆಯಾಡಿಸಿದ. ಕುರ್ಚಿ ಎಳೆದುಕೊಂಡು ಕೂತ. ಲೋಟವನ್ನು ದೂರ ಸರಿಸಿ, “ಮೇಷ್ಟ್ರೇ, ಆ ಸ್ಟೂಲು ಯಾರಿಗಾದರೂ ಕೊಟ್ಟುಬಿಡಿ,” ಎಂದ. ಮೇಷ್ಟ್ರು ಇನ್ನೂ ನೋಡೋಣ ಎನ್ನಲಿಲ್ಲ, ಅವಸರವೇನು ಎನ್ನಲಿಲ್ಲ. ಲೋಟದಲ್ಲಿ ಉಳಿದದ್ದನ್ನೂ ಒಂದೇ ಗುಟುಕಿಗೆ ಕುಡಿದು ಎದ್ದರು. ಹೋಗುವಾಗ ಶಿಷ್ಯನ ತಲೆಯ ಮೇಲೆ ಕೈಯಿಟ್ಟರು. ಊಟ ಮಾಡದೆ ಹೋದರು, ಯಾರೂ ತಡೆಯಲಿಲ್ಲ.

ಆತ ಜಾಡಿಯನ್ನು ಹಿತ್ತಿಲಿಗೆ ಹೊತ್ತು ತಂದು ಬಚ್ಚಲ ಕಾಲುವೆಗೆ ಬಗ್ಗಿಸಿದ. ಎಲ್ಲ ಹರಿದುಹೋಗುವವರೆಗೂ ಬಗ್ಗಿಯೇ ಇದ್ದ. ಅವಳು ಒಂದು ಬಿಂದಿಗೆ ನೀರು ತಂದು ಕೊಟ್ಟಳು. ಆತ ತೊಳೆದ, ಒಳಗೆಲ್ಲ ಕೈ ಹಾಕಿ ಉಜ್ಜಿ ತೊಳೆದು, ಜಾಡಿಯನ್ನು ಗೋಡೆಯ ಬುಡದಲ್ಲಿ ಬೋರಲು ಹಾಕಿದ.

“ಬೈದುಬಿಡಿ ನನ್ನ,” ಎಂದಳು ಅವಳು. “ಹೊಡೆದರೂ ಸರಿ. ನಾನು ಹೇಳಬೇಕಿತ್ತು. ಅಂಗಡೀಲೇ ಬೇಡ ಅನ್ನಬೇಕಿತ್ತು.”

ಆತ ಬೈಯಲಿಲ್ಲ. ಒದ್ದೆ ಕೈಯಲ್ಲೇ ಅವಳ ಹತ್ತಿರ ಬಂದ. ಜ್ವರ ಬಿಟ್ಟಂದಿನಿಂದ, ತಬ್ಬಿಕೊಂಡು ಅತ್ತ ಆ ಒಂದು ಬೆಳಿಗ್ಗೆ ಬಿಟ್ಟರೆ, ಆತ ಅವಳ ಮೈಗೆ ತಾಗುವಷ್ಟು ಸಮೀಪ ಬಂದಿರಲಿಲ್ಲ. ಹಾಸಿಗೆಯಲ್ಲೂ ಆ ಕಡೆ ತಿರುಗಿಯೇ ಮಲಗುತ್ತಿದ್ದ. ಅದು ಬೇಸರ ಎಂದು ಅವಳು ತಿಳಿದಿದ್ದಳು. ಈಗ ಬಂದು, ಅವಳ ಕಿವಿಯ ಹಿಂದೆ, ಕೂದಲಿಗೂ ಕತ್ತಿಗೂ ನಡುವಿನ ಜಾಗದಲ್ಲಿ ಮೂಗು ಇಟ್ಟು ಉಸಿರೆಳೆದುಕೊಂಡ. ಅವಳು ಉಸಿರು ಹಿಡಿದು ನಿಂತಳು. ಆತ ಮತ್ತೊಮ್ಮೆ ಎಳೆದುಕೊಂಡ, ಇನ್ನೂ ಉದ್ದಕ್ಕೆ, ಎದೆಯೆಲ್ಲ ಉಬ್ಬುವ ಹಾಗೆ.

ಆಮೇಲೆ ಹಣೆಯನ್ನು ಅವಳ ಹೆಗಲಿಗೆ ಇಳಿಸಿದ.

“ದ್ರಾಕ್ಷಿ ನೆನಪಿದೆ ಕಣೇ. ಗುಲಾಬಿ ನೆನಪಿದೆ. ಕಾರ್ಖಾನೆಯ ಒಂದೊಂದು ಎಣ್ಣೆಯೂ ನೆನಪಿದೆ, ಅದಕ್ಕೆಲ್ಲ ಹೆಸರಿತ್ತು,” ಎಂದ. “ನಿನ್ನದಕ್ಕೆ ಹೆಸರು ಇಟ್ಟಿರಲಿಲ್ಲ. ಮನೇಲೇ ಇರುತ್ತಲ್ಲ ಅಂತ. ಅದು ಹೇಗಿತ್ತು ಅಂತ ನನಗೆ ಮರೆತುಹೋಗಿದೆ.”

ಅದು ಹೇಗಿತ್ತೆಂದು ಹೇಳಲು ಅವಳಿಗೂ ಗೊತ್ತಿರಲಿಲ್ಲ. ಅವರವರ ಮೈಯ ವಾಸನೆ ಅವರವರಿಗೆ ತಿಳಿಯುವುದಿಲ್ಲ.